ಗ್ವಾಟೆಮಾಲಾದ ಮಾಯಾ ಊರಿಗೆ ನೆರವು: ಹಣ ಕಳಿಸುವ ಮುನ್ನ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿರುವ ಹನ್ನೆರಡು ಕನ್ನಡ ಕುಟುಂಬಗಳು. ಕಳೆದ ರಜೆಯಲ್ಲಿ ನಮ್ಮಲ್ಲಿ ಕೆಲವರು ಗ್ವಾಟೆಮಾಲಾಕ್ಕೆ ಹೋಗಿ, ಅಟಿಟ್ಲಾನ್ ಸರೋವರದ ದಂಡೆಯಲ್ಲಿರುವ ಸಾನ್ ಹುವಾನ್ ಲಾ ಲಗುನಾ ಎಂಬ ಊರಿನಲ್ಲಿ ತಂಗಿದ್ದೆವು. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಹೆಂಗಸರ ನೇಯ್ಗೆಯನ್ನೂ ಗಿಡಗಳಿಂದ ಬಣ್ಣ ತೆಗೆಯುವ ಕೆಲಸವನ್ನೂ ನೋಡಿ ಮನಸೋತೆವು, ಸುತ್ತಲಿನ ಹಳ್ಳಿಗಳ ಮಕ್ಕಳ ಸ್ಥಿತಿ ಕಂಡು ಬೇಸರವೂ ಆಯಿತು. ಮರಳಿದ ಮೇಲೆ 18,000 ಡಾಲರ್ ಕೂಡಿಸಿದ್ದೇವೆ. ಶಾಲೆಯೊಂದಕ್ಕೆ ಕಂಪ್ಯೂಟರ್ ಕೊಠಡಿ ಕಟ್ಟಿಸುವುದು, ಬೇಸಿಗೆಯಲ್ಲಿ ನಮ್ಮ ಮಕ್ಕಳನ್ನು ಎರಡು ವಾರ ಅಲ್ಲಿಗೆ ಕಳಿಸಿ ಇಂಗ್ಲಿಷ್ ಹೇಳಿಕೊಡಿಸುವುದು, ಅಲ್ಲಿನ ಬಟ್ಟೆಯ ಚೀಲಗಳನ್ನು ತರಿಸಿ ರಾಜ್ಯೋತ್ಸವದ ದಿನ ಮಾರುವುದು ನಮ್ಮ ಯೋಜನೆ. ಆದರೆ ಗುಂಪಿನಲ್ಲಿ ಒಮ್ಮತವಿಲ್ಲ. ನಿಜವಾದ ಮಾಯಾ ಜನ ಸಾವಿರ ವರ್ಷದ ಹಿಂದೆಯೇ ಅಳಿದುಹೋದರು, ಈಗ ನಡೆಯುತ್ತಿರುವುದು ಪ್ರವಾಸಿಗರಿಗಾಗಿ ಹಾಕುವ ವೇಷ ಎಂದು ಒಬ್ಬರು ಹೇಳುತ್ತಾರೆ. ಅಭಿವೃದ್ಧಿ ಒಳಗೆ ಬಂದರೆ ಸಂಸ್ಕೃತಿ ಹೊರಗೆ ಹೋಗುತ್ತದೆ ಎಂಬುದು ಇನ್ನೊಬ್ಬರ ಅಂಜಿಕೆ. ಸಕಲೇಶಪುರದಲ್ಲಿ ಏಲಕ್ಕಿ ಬೆಳೆಯುವ ನಮ್ಮ ಮಾವನವರಂತೂ, “ನಮ್ಮ ಬೆಲೆ ಕೆಡಿಸಿದ ದೇಶಕ್ಕೆ ನೀವು ದುಡ್ಡು ಕಳಿಸ್ತೀರಾ?” ಎಂದು ಕೇಳುತ್ತಾರೆ. ನಾವು ಹೊರಟಿರುವ ದಾರಿ ಸರಿಯೇ?

ಉತ್ತರ: ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಣವನ್ನು ಹೇಗೆ ಬಳಸಬೇಕೆಂಬುದಕ್ಕೆ ನಿಮ್ಮ ಪತ್ರದಲ್ಲಿ ಆಗಲೇ ಮೂರು ತೀರ್ಮಾನಗಳಿವೆ, ಮೂರೂ ಫ್ರೀಮಾಂಟ್‌ನಲ್ಲಿಯೇ ಆಗಿವೆ. ನಾನು ಮೊದಲು ಬಾಗಲಕೋಟೆ ಜಿಲ್ಲೆಯ ಕೈಮಗ್ಗ ಸಹಕಾರ ಸಂಘಗಳ ಜೊತೆ, ಬಳಿಕ ಮಧ್ಯ ಅಮೆರಿಕದ ಸಮುದಾಯ ಯೋಜನೆಗಳ ಮೌಲ್ಯಮಾಪನದಲ್ಲಿ ಕೆಲಸ ಮಾಡಿದವನು. ಸೋತ ಯೋಜನೆಗಳಲ್ಲಿ ಹಣದ ಕೊರತೆಯಿಂದ ಸೋತವು ಕಡಿಮೆ. ಯಾರಿಗಾಗಿ ಯೋಜನೆಯೋ ಅವರು ಒಪ್ಪಿಗೆಯ ಸಹಿ ಹಾಕಲು ಮಾತ್ರ ಸಭೆಗೆ ಬಂದಿದ್ದ ಯೋಜನೆಗಳೇ ಹೆಚ್ಚು. ಆದ್ದರಿಂದ ಸರಿಯೋ ತಪ್ಪೋ ಎಂದು ಹೇಳುವ ಮೊದಲು ನಿಮ್ಮ ಗುಂಪಿನ ಮೂರು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ಮಾಯಾ ಜನ ಅಳಿದರು ಎಂಬ ಮಾತು ಶಾಲಾ ಪುಸ್ತಕಗಳಿಂದ ಟೀವಿಯವರೆಗೆ ಎಲ್ಲೆಡೆ ಕೇಳಿಬರುವ ತಪ್ಪು. ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ದಕ್ಷಿಣದ ತಗ್ಗು ನಾಡಿನ ಟಿಕಾಲ್‌ನಂಥ ನಗರಗಳು ಒಂದರ ಹಿಂದೊಂದು ಬರಿದಾದದ್ದು ನಿಜ. ಅರಸೊತ್ತಿಗೆಗಳು ಬಿದ್ದವು, ಶಿಲಾಶಾಸನಗಳನ್ನು ನಿಲ್ಲಿಸುವ ಪದ್ಧತಿ ನಿಂತಿತು. ಆದರೆ ಜನ ಬೇರೆಡೆಗೆ ಸರಿದರು, ಉತ್ತರದ ಯುಕತಾನ್‌ನಲ್ಲೂ ಬೆಟ್ಟ ಪ್ರದೇಶಗಳಲ್ಲೂ ಹೊಸ ಕೇಂದ್ರಗಳು ಎದ್ದವು. ಸ್ಪೇನಿನವರಿಗೆ ಮಣಿಯದೆ ಉಳಿದಿದ್ದ ಕೊನೆಯ ಮಾಯಾ ರಾಜಧಾನಿ, ಪೆಟೆನ್ ಸರೋವರದ ನಡುಗಡ್ಡೆಯ ನೊಹ್‌ಪೆಟೆನ್, ಬಿದ್ದದ್ದು 1697ರಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಕೆಳದಿಯ ಚೆನ್ನಮ್ಮನ ಆಳ್ವಿಕೆಯೂ ಮುಗಿಯುತ್ತ ಬಂದಿತ್ತು. ಇಂದಿನ ಲೆಕ್ಕ ಹೇಳುವುದಾದರೆ, ಗ್ವಾಟೆಮಾಲಾದ 2018ರ ಜನಗಣತಿಯಲ್ಲಿ ಸುಮಾರು 62 ಲಕ್ಷ ಜನ, ಅಂದರೆ ದೇಶದ ಶೇಕಡಾ 41.7ರಷ್ಟು ಮಂದಿ, ತಾವು ಮಾಯಾ ಎಂದು ಬರೆಸಿದ್ದಾರೆ. ಆ ದೇಶವೊಂದರಲ್ಲೇ 22 ಮಾಯಾ ಭಾಷೆಗಳಿಗೆ ಕಾನೂನಿನ ಮನ್ನಣೆಯಿದೆ. ಮೆಕ್ಸಿಕೊದ ಯುಕತಾನ್ ಮತ್ತು ಚಿಯಾಪಾಸ್‌ಗಳಲ್ಲೂ ಬೆಲೀಜ್‌ನಲ್ಲೂ ಇರುವವರು ಬೇರೆ. ನೀವು ತಂಗಿದ್ದ ಊರಿನವರು ಟ್ಸುತುಹಿಲ್ ಮಾಯಾ, ಸರೋವರದ ಆಚೆ ದಡದಲ್ಲಿ ಕಾಕ್ಚಿಕೆಲ್, ಉತ್ತರದ ಗುಡ್ಡಗಳಲ್ಲಿ ಕಿಚೆ. ಇವರೆಲ್ಲರನ್ನೂ ಸೇರಿಸಿ “ಮಾಯಾ” ಎನ್ನುವುದು ಹೊರಗಿನವರಿಗೆ ಅನುಕೂಲ. ಕಳೆದ ಕೆಲವು ದಶಕಗಳ ಚಳವಳಿಯಲ್ಲಿ ಅದು ಅವರಿಗೂ ರಾಜಕೀಯವಾಗಿ ಬೇಕಾದ ಹೆಸರಾಗಿದೆ. ಆದರೆ ನೆರವಿನ ವಿಚಾರದಲ್ಲಿ ನೀವು ಸದಾ ಒಂದು ನಿರ್ದಿಷ್ಟ ಊರಿನ, ಒಂದು ನಿರ್ದಿಷ್ಟ ಭಾಷೆಯ ಜನರೊಡನೆ ವ್ಯವಹರಿಸುತ್ತಿದ್ದೀರಿ ಎಂಬುದನ್ನು ಮರೆಯಬಾರದು.

ಎರಡನೆಯ ನಂಬಿಕೆಯನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ಆದರೆ ಕಂಪ್ಯೂಟರ್ ಕೊಠಡಿಯ ಆಲೋಚನೆಯ ಅಡಿಯಲ್ಲಿ ಅದು ಇದೆ: ಇವರು ಲೋಕದಿಂದ ದೂರ ಉಳಿದದ್ದರಿಂದ ಬಡವರಾದರು, ಲೋಕವನ್ನು ಅವರ ಬಳಿಗೆ ಒಯ್ದರೆ ಸರಿಹೋದೀತು ಎಂಬುದು. ನಡೆದದ್ದು ಇದಕ್ಕೆ ತೀರ ವಿರುದ್ಧ. ಲೋಕದ ಮಾರುಕಟ್ಟೆ ಅವರ ಬಳಿಗೆ ಬಂದು ಒಂದೂವರೆ ಶತಮಾನವಾಯಿತು, ಬಡತನಕ್ಕೆ ಅದು ಬಂದ ರೀತಿಯೇ ಮುಖ್ಯ ಕಾರಣ. ಇಲ್ಲಿ ನಿಮ್ಮ ಮಾವನವರ ಏಲಕ್ಕಿಯ ಕಥೆಯೂ ಸೇರಿಕೊಳ್ಳುತ್ತದೆ.

1871ರಲ್ಲಿ ಅಧಿಕಾರಕ್ಕೆ ಬಂದ ಉದಾರವಾದಿ ಸರ್ಕಾರಕ್ಕೆ ಕಾಫಿ ರಫ್ತು ಬೇಕಿತ್ತು, ಕಾಫಿಗೆ ಬೆಟ್ಟದ ಇಳಿಜಾರೂ ಅಗ್ಗದ ಕೂಲಿಯೂ ಬೇಕಿತ್ತು. 1877ರ ಕಾನೂನುಗಳು ಊರೊಟ್ಟಿನ ಜಮೀನನ್ನು ಖಾಸಗಿಯವರಿಗೆ ತೆರೆದಿಟ್ಟವು, ಮಾಯಾ ಹಳ್ಳಿಗಳಿಂದ ಆಳುಗಳನ್ನು ತೋಟಗಳಿಗೆ ಕಡ್ಡಾಯವಾಗಿ ಕಳಿಸುವ ವ್ಯವಸ್ಥೆಯನ್ನೂ ಕ್ರಮಬದ್ಧಗೊಳಿಸಿದವು. ಆಲ್ಟಾ ವೆರಾಪಾಸ್ ಪ್ರಾಂತದಲ್ಲಿ ಜರ್ಮನ್ ಬೆಳೆಗಾರರು ವಿಶಾಲ ಎಸ್ಟೇಟುಗಳನ್ನು ಕಟ್ಟಿದರು, ಕೆಕ್ಚಿ ಮಾಯಾ ಜನ ತಮ್ಮದೇ ನೆಲದಲ್ಲಿ ಆಳುಗಳಾದರು. ಬಿಟ್ಟಿ ದುಡಿಮೆಯನ್ನು ತಪ್ಪಿಸಿಕೊಳ್ಳಲು ಬೆಲೀಜಿನ ಕಾಡಿಗೆ ಓಡಿಹೋದವರ ಮೊಮ್ಮಕ್ಕಳು ಅಲ್ಲಿ ಇಂದಿಗೂ ಇದ್ದಾರೆ. ಸುಮಾರು 1914ರಲ್ಲಿ ಅಂಥ ಜರ್ಮನ್ ಬೆಳೆಗಾರರಲ್ಲೊಬ್ಬರು ಪಶ್ಚಿಮಘಟ್ಟದ ಏಲಕ್ಕಿಯನ್ನು ಕೊಬಾನ್ ಪಟ್ಟಣದ ಸುತ್ತ ನೆಟ್ಟರು. ಇಂದು ಗ್ವಾಟೆಮಾಲಾ ಜಗತ್ತಿನ ಅತಿ ದೊಡ್ಡ ಏಲಕ್ಕಿ ರಫ್ತುದಾರ ದೇಶ. ಬೆಳೆಯುವವರಲ್ಲಿ ಬಹುಪಾಲು ತುಂಡು ಭೂಮಿಯ ಕೆಕ್ಚಿ ರೈತರು, ಕೊಳ್ಳುವವರು ಮುಖ್ಯವಾಗಿ ಕೊಲ್ಲಿ ರಾಷ್ಟ್ರಗಳು. ಬೆಳೆದವರ ಅಡುಗೆಮನೆಯಲ್ಲಿ ಏಲಕ್ಕಿಗೆ ಹೆಚ್ಚು ಕೆಲಸವಿಲ್ಲ. ಒಣಗಿಸುವ ಗೂಡು ಇಲ್ಲದ ರೈತ ಹಸಿ ಕಾಯನ್ನೇ ದಲ್ಲಾಳಿಗೆ ಮಾರುತ್ತಾನೆ, ಬೆಲೆ ಏರಿದಾಗ ಲಾಭ ಅವನನ್ನು ದಾಟಿ ಹೋಗುತ್ತದೆ, ಬಿದ್ದಾಗ ನಷ್ಟ ಅವನ ಮನೆಯಲ್ಲೇ ಉಳಿಯುತ್ತದೆ. ನಿಮ್ಮ ಮಾವನವರಿಗೆ ಇದನ್ನು ಓದಿ ಹೇಳಿ. ಹಸಿ ಕಾಯಿಯ ದಲ್ಲಾಳಿಯ ವಿಷಯದಲ್ಲಿ ಕೊಬಾನಿನ ರೈತನೂ ಅವರೂ ಒಂದೇ ಭಾಷೆ ಮಾತಾಡಿಯಾರು.

ಮುಂದಿನದನ್ನು ಬೇಗ ಹೇಳುತ್ತೇನೆ. 1934ರ ಕಾನೂನು ಭೂಮಿ ಕಡಿಮೆ ಇದ್ದವರು ವರ್ಷಕ್ಕೆ 100ರಿಂದ 150 ದಿನ ಎಸ್ಟೇಟುಗಳಲ್ಲಿ ದುಡಿದ ದಾಖಲೆಯ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕೆಂದು ವಿಧಿಸಿತು. 1944ರ ಕ್ರಾಂತಿಯ ನಂತರ ಅದು ರದ್ದಾಯಿತು, 1952ರಲ್ಲಿ ಭೂಸುಧಾರಣೆ ಬಂತು, 1954ರಲ್ಲಿ ಅಮೆರಿಕದ ಬೆಂಬಲದ ದಂಗೆ ಆ ಸರ್ಕಾರವನ್ನೇ ಉರುಳಿಸಿತು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಮಾಡಿತು. ಗುರುತು ಸಿಕ್ಕ ಸಂತ್ರಸ್ತರಲ್ಲಿ ಶೇಕಡಾ 83 ಮಂದಿ ಮಾಯಾ. ಕೆಲವು ಪ್ರದೇಶಗಳಲ್ಲಿ ಸೇನೆ ನಡೆಸಿದ್ದು ಜನಾಂಗಹತ್ಯೆಯ ಕೃತ್ಯ ಎಂದೂ ಆಯೋಗ ಹೇಳಿತು. ಆ ವರ್ಷಗಳಲ್ಲಿ ತಮ್ಮ ಊರಿನ ಉಡುಪು ತೊಟ್ಟರೆ ಯಾವ ಊರಿನವರೆಂದು ಗುರುತು ಸಿಗುತ್ತದೆಂಬ ಭಯಕ್ಕೆ ಹೆಂಗಸರು ಅದನ್ನು ಬಿಟ್ಟರು, ಮಕ್ಕಳೊಡನೆ ತಾಯ್ನುಡಿಯಾಡುವುದನ್ನು ಬಿಟ್ಟರು. ಸಂಸ್ಕೃತಿ ತಾನಾಗಿ ಮಾಸಲಿಲ್ಲ. ನೀವು ಕಂಡ ಮಕ್ಕಳ ವಿಷಯವೂ ಇಲ್ಲಿಂದ ದೂರವಿಲ್ಲ: 2014–15ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 46.5ರಷ್ಟು ಮಂದಿ ದೀರ್ಘಕಾಲದ ಅಪೌಷ್ಟಿಕತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೂಲನಿವಾಸಿ ಮಕ್ಕಳಲ್ಲಿ ಇದು ಶೇಕಡಾ 58. ಮುಸುಕಿನ ಜೋಳ, ಬೀನ್ಸ್, ಕುಂಬಳ ಒಟ್ಟಿಗೆ ಬೆಳೆಯುವ ಮಿಲ್ಪಾ ಎಂಬ ಹೊಲ ತುಂಡಾಗುತ್ತ ಹೋದ ಮನೆಯಲ್ಲಿ ಕಂಪ್ಯೂಟರ್ ಈ ಕೊರತೆಯನ್ನು ತುಂಬಲಾರದು.

ಮೂರನೆಯದು, ಅಭಿವೃದ್ಧಿ ಬಂದರೆ ಸಂಸ್ಕೃತಿ ಹೋಗುತ್ತದೆ ಎಂಬ ಅಂಜಿಕೆ. ನನ್ನ ಅನುಭವದಲ್ಲಿ ಇವೆರಡೂ ಒಟ್ಟಿಗೆ ಉಳಿದಿರುವುದು ನೆಲದ ಮೇಲೆ, ನೀರಿನ ಮೇಲೆ, ಬೆಲೆಯ ಮೇಲೆ ಊರಿನವರ ಮಾತು ನಡೆಯುವ ಕಡೆ. ಟೊಟೊನಿಕಪಾನ್‌ನ “48 ಕಾಂತೊನೆಸ್” ಎಂಬ ಕಿಚೆ ಸಮುದಾಯ ಆಡಳಿತವನ್ನು ನೋಡಿ. ಪ್ರತಿ ಹಳ್ಳಿ ತನ್ನ ಪ್ರತಿನಿಧಿಗಳನ್ನು ವರ್ಷಕ್ಕೊಮ್ಮೆ ಆರಿಸುತ್ತದೆ. ಆಯ್ಕೆಯಾದವರು ಸಂಬಳವಿಲ್ಲದೆ, ಅನೇಕ ವೇಳೆ ತಮ್ಮ ಅಂಗಡಿ ಮುಚ್ಚಿ ಸಾಲ ಮಾಡಿಯೂ, ಆ ವರ್ಷ ಸೇವೆ ಸಲ್ಲಿಸುತ್ತಾರೆ. ಊರ ಕಾಡು, ನೀರಿನ ಒರತೆಗಳು, ಸ್ಮಶಾನ, ದಾರಿ ಎಲ್ಲವೂ ಈ ಸೇವೆಯ ಅಡಿಯಲ್ಲಿ ಬರುತ್ತವೆ. ಮಧ್ಯ ಅಮೆರಿಕದಲ್ಲಿ ಅಪರೂಪವಾಗುತ್ತಿರುವ ಪಿನಾಬೆತೆ ಎಂಬ ಸೂಚಿಪರ್ಣಿ ಮರ ಆ ಕಾಡಿನಲ್ಲಿ ಉಳಿದಿದೆ. ಇದೇ ಆಡಳಿತ 2023ರ ಅಕ್ಟೋಬರ್‌ನಲ್ಲಿ ಚುನಾವಣೆಯ ಫಲಿತಾಂಶವನ್ನು ಬುಡಮೇಲು ಮಾಡುವ ಯತ್ನದ ವಿರುದ್ಧ ರಾಜಧಾನಿಯಲ್ಲಿ ಧರಣಿ ಕೂತು, ತಿಂಗಳುಗಟ್ಟಲೆ ಕದಲದೆ, ದೇಶದ ರಾಜಕೀಯವನ್ನೇ ತಿರುಗಿಸಿತು. ಇಂಥ ಸಂಸ್ಥೆಗೆ ಹೊರಗಿನವರು ಸಂಘಟನೆಯ ತರಬೇತಿ ಕೊಡಲು ಹೋಗುವುದನ್ನು ನಾನು ಕಂಡಿದ್ದೇನೆ. ಹಿರಿಯರು ಬಹಳ ಸೌಜನ್ಯದಿಂದ ಕೂತು ಕೇಳುತ್ತಾರೆ.

ಬೇರೆ ನೆಲಗಳಲ್ಲೂ ಇದೇ ತರ್ಕ ಬೇರೆ ಬೇರೆ ರೂಪದಲ್ಲಿದೆ. ಗ್ವಾಟೆಮಾಲಾದ ಉತ್ತರದ ಪೆಟೆನ್ ಪ್ರಾಂತದಲ್ಲಿ 1990ರಲ್ಲಿ ಘೋಷಿಸಲಾದ, ಸುಮಾರು 21 ಲಕ್ಷ ಹೆಕ್ಟೇರಿನ ಮಾಯಾ ಜೀವಗೋಳ ಮೀಸಲಿನ ಒಂದು ಭಾಗವನ್ನು ಹಳ್ಳಿಯ ಸಂಘಗಳಿಗೆ 25 ವರ್ಷದ ಒಪ್ಪಂದದ ಮೇಲೆ ಕೊಡಲಾಯಿತು. ಅವು ಲೆಕ್ಕ ಹಾಕಿ ಮಹಾಗನಿ ಕಡಿಯುತ್ತವೆ, ಹೂಗುಚ್ಛಕ್ಕೆ ಬಳಸುವ ಶಾತೆ ಎಲೆಯನ್ನೂ ರಾಮೋನ್ ಎಂಬ ಮರದ ತಿನ್ನುವ ಬೀಜವನ್ನೂ ಮಾರುತ್ತವೆ. ಅವುಗಳ ಸುಪರ್ದಿಯಲ್ಲಿರುವ ಕಾಡಿನಲ್ಲಿ ಅರಣ್ಯನಾಶ ಅತ್ಯಲ್ಪ. ಪಕ್ಕದ, ಕಾಗದದ ಮೇಲೆ ಇನ್ನೂ ಬಿಗಿಯಾದ ರಕ್ಷಣೆಯಿರುವ ಕೆಲವು ರಾಷ್ಟ್ರೀಯ ಉದ್ಯಾನಗಳಲ್ಲಿ ದನದ ದೊಡ್ಡಿಗಳು ಕಾಡನ್ನು ನುಂಗಿವೆ. ಈ ಸಂಘಗಳೆಲ್ಲ ಮಾಯಾ ಜನರವಲ್ಲ, ಮಿಶ್ರ ಮೂಲದ ಅರಣ್ಯವಾಸಿಗಳೂ ಇದ್ದಾರೆ ಎಂಬುದನ್ನು ಪ್ರವಾಸಿ ಕರಪತ್ರಗಳು ಹೇಳುವುದಿಲ್ಲ. ಬೆಲೀಜಿನ ಟೊಲೀಡೊ ಜಿಲ್ಲೆಯಲ್ಲಿ ಮೋಪಾನ್ ಮತ್ತು ಕೆಕ್ಚಿ ಹಳ್ಳಿಗಳ ಸಾಂಪ್ರದಾಯಿಕ ಭೂಹಕ್ಕನ್ನು ಕೆರಿಬಿಯನ್ ನ್ಯಾಯಾಲಯ 2015ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು, ಜಾರಿಯ ಜಗ್ಗಾಟ ಮಾತ್ರ ಆಮೇಲೂ ನಿಲ್ಲಲಿಲ್ಲ. ಮೆಕ್ಸಿಕೊದ ಹೊಪೆಲ್ಚೆನ್‌ನಲ್ಲಿ, ಮಾಯಾ ಜನ ಪುರಾತನ ಕಾಲದಿಂದ ಸಾಕುತ್ತ ಬಂದಿರುವ ಕುಟುಕುವ ಮುಳ್ಳಿಲ್ಲದ ಜೇನನ್ನೇ ನಂಬಿದ ಲೇಡಿ ಪೆಚ್ ಮತ್ತು ಅವರ ಸಂಗಡಿಗರು ಕುಲಾಂತರಿ ಸೋಯಾದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಸಮುದಾಯಗಳನ್ನು ಕೇಳದೆ ಪರವಾನಗಿ ಕೊಟ್ಟದ್ದು ಸರಿಯಲ್ಲವೆಂದು 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು.

ನೀವು ನೋಡಿ ಬಂದ ಸರೋವರದ್ದೇ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಒಳ್ಳೆಯ ಉದ್ದೇಶವೂ ಎಡವುವ ಬಗೆ ಇಲ್ಲಿ ಸ್ಪಷ್ಟವಾಗಿದೆ. ಅಟಿಟ್ಲಾನ್ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ನೀರು, ಹರಿದು ಹೊರಹೋಗುವ ನದಿ ಇಲ್ಲ. ಸುತ್ತಲಿನ ಊರು, ಹೋಟೆಲುಗಳ ಕೊಳಚೆಯೂ ಹೊಲಗಳ ರಸಗೊಬ್ಬರವೂ ಒಳಗೇ ಉಳಿಯುತ್ತವೆ. 2009ರಲ್ಲಿ ಪಾಚಿಯಂಥ ಬ್ಯಾಕ್ಟೀರಿಯಾ ಹಬ್ಬಿ ನೀರಿನ ಮೇಲ್ಮೈ ಹಸಿರು-ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ, ಕೊಳಚೆಯನ್ನೆಲ್ಲ ದೊಡ್ಡ ಕೊಳವೆಯಲ್ಲಿ ಒಟ್ಟುಗೂಡಿಸಿ ಜಲಾನಯನದ ಹೊರಗೆ ಸಾಗಿಸುವ ಯೋಜನೆಯೊಂದನ್ನು ಮುಂದಿಟ್ಟಾಗ, ತಮ್ಮನ್ನು ಕೇಳಿಲ್ಲ, ನೀರಿನ ಒಡೆತನ ಕೈತಪ್ಪುತ್ತದೆ ಎಂದು ಟ್ಸುತುಹಿಲ್ ಸಮುದಾಯಗಳೇ ವಿರೋಧಿಸಿದವು. ಅದೇ ದಂಡೆಯ ಸಾನ್ ಪೆದ್ರೊ ಲಾ ಲಗುನಾ ಊರು 2016ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ತಾನೇ ನಿಷೇಧಿಸಿತು, ಅಂಗಡಿಗಳು ಎಲೆಯಲ್ಲೂ ಬುಟ್ಟಿಯಲ್ಲೂ ಸಾಮಾನು ಕೊಡತೊಡಗಿದವು. ತಾಂತ್ರಿಕವಾಗಿ ಮೊದಲನೆಯ ಯೋಜನೆಗೆ ಅದರದೇ ಸಮರ್ಥಕರಿದ್ದಾರೆ, ಕೊಳವೆ ಸರಿಯೋ ತಪ್ಪೋ ಎಂಬ ತೀರ್ಪನ್ನು ನಾನಿಲ್ಲಿ ಕೊಡುತ್ತಿಲ್ಲ. ಆದರೆ ಎರಡನೆಯದು ನಡೆಯಿತು, ಮೊದಲನೆಯದು ಜಗಳವಾಯಿತು.

ಇನ್ನು ನಿಮ್ಮ ಚೀಲಗಳ ವಿಷಯ. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ನೀವು ಹೆಚ್ಚು ಕೆಡುಕನ್ನೂ ಹೆಚ್ಚು ಒಳಿತನ್ನೂ ಮಾಡಬಲ್ಲ ಜಾಗ ಇದೇ. ಮಾಯಾ ಹೆಂಗಸರು ಮೈಮೇಲೆ ತೊಡುವ ಉಯಿಪಿಲ್ ಎಂಬ ರವಿಕೆಯಂಥ ಉಡುಪನ್ನು ನೇಯುವ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸಿನ ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟುತ್ತಾರೆ, ಇನ್ನೊಂದು ತುದಿಯ ಪಟ್ಟಿ ನೇಯುವವಳ ಸೊಂಟದ ಸುತ್ತ ಇರುತ್ತದೆ. ಅವಳು ಹಿಂದಕ್ಕೆ ಬಾಗಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಂದರೆ ಸಡಿಲವಾಗುತ್ತದೆ. ಚಿತ್ತಾರವನ್ನು ಆಮೇಲೆ ಕಸೂತಿಯಾಗಿ ಹಾಕುವ ಊರುಗಳೂ ಇವೆ, ಆದರೆ ಎಷ್ಟೋ ಕಡೆ ನೇಯುತ್ತಲೇ ಬಣ್ಣದ ಎಳೆಗಳನ್ನು ಬೆರಳಿನಿಂದ ಎತ್ತಿ ಸೇರಿಸುತ್ತಾರೆ. ಬಟ್ಟೆಯ ಅಗಲ ತೋಳಿನ ಚಾಚಿಗೆ ಮೀರದ ಕಾರಣ ಎರಡು ಮೂರು ಪಟ್ಟಿಗಳನ್ನು ಜೋಡಿಸಿ ಒಂದು ಉಯಿಪಿಲ್ ಮಾಡುತ್ತಾರೆ. ಮನೆಗೆಲಸದ ನಡುವೆ ನೇಯುವಾಗ ಒಂದು ಒಳ್ಳೆಯ ಉಯಿಪಿಲ್‌ಗೆ ತಿಂಗಳುಗಳೇ ಹಿಡಿಯುತ್ತವೆ. ಪ್ರತಿ ಊರಿಗೂ ಅದರದೇ ಚಿತ್ತಾರವಿದೆ, ಅದು ಒಬ್ಬ ಕಲಾವಿದೆಯ ಸ್ವತ್ತಲ್ಲ, ಊರಿನದು.

ಕಾನೂನಿನ ತೊಡಕು ಹುಟ್ಟುವುದು ಇಲ್ಲಿಯೇ. ಹಕ್ಕುಸ್ವಾಮ್ಯದ ಕಾಯಿದೆಗಳಿಗೆ ಒಬ್ಬ ಕರ್ತೃ ಬೇಕು. ಹೀಗಾಗಿ ಊರ ಚಿತ್ತಾರವನ್ನು ಹೊರಗಿನ ಫ್ಯಾಷನ್ ಉದ್ಯಮಗಳು ಎತ್ತಿಕೊಂಡರೆ ಕೇಳುವವರಿಲ್ಲ. ಸಕಾತೆಪೆಕೆಸ್ ಪ್ರಾಂತದ ಮಹಿಳಾ ಸಂಘಟನೆಯೊಂದು ಆರಂಭಿಸಿ, ದೇಶದ ನಾನಾ ಭಾಗಗಳ ನೇಕಾರ ಮಹಿಳೆಯರು ಸೇರಿಕೊಂಡ ಚಳವಳಿ 2016ರಲ್ಲಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. ಸಾಮೂಹಿಕ ಬೌದ್ಧಿಕ ಸ್ವಾಮ್ಯವನ್ನು ಕಾಪಾಡುವ ಕಾನೂನಿನ ಬಗ್ಗೆ ಸಂಸತ್ತು ಯೋಚಿಸಬೇಕೆಂದು 2017ರಲ್ಲಿ ನ್ಯಾಯಾಲಯ ಹೇಳಿತಾದರೂ ಹೋರಾಟ ಆಮೇಲೂ ವರ್ಷಗಟ್ಟಲೆ ಎಳೆಯಿತು. ನಮ್ಮಲ್ಲಿ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯಿದ್ದೂ ಪವರ್‌ಲೂಮಿನ ನಕಲು ಅದೇ ಹೆಸರಿನಲ್ಲಿ ಮಾರಾಟವಾಗುವುದನ್ನು ಬಲ್ಲವರಿಗೆ, ಕಾನೂನೊಂದೇ ಸಾಲದು ಎಂಬುದು ಗೊತ್ತೇ ಇದೆ. ಗ್ವಾಟೆಮಾಲಾದ ಸಂತೆಗಳಲ್ಲೂ ಈಗ ಉಯಿಪಿಲ್‌ನ ಚಿತ್ರವನ್ನು ಪಾಲಿಯೆಸ್ಟರ್ ಮೇಲೆ ಅಚ್ಚೊತ್ತಿದ ಅಗ್ಗದ ಉಡುಪು ಸಿಗುತ್ತದೆ. ಅದನ್ನು ಕೊಳ್ಳುವವರಲ್ಲಿ ಮಾಯಾ ಹೆಂಗಸರೇ ಬಹಳ, ಅವರನ್ನು ದೂರುವುದು ತಪ್ಪು. ಕೈನೇಯ್ಗೆಯದನ್ನು ಕೊಳ್ಳುವ ಶಕ್ತಿ ಅವರಿಗಿಲ್ಲ.

ನೀವು ನೋಡಿದ ಚೀಲಗಳು ಬಹುಶಃ ಹಳೆಯ ಉಯಿಪಿಲ್‌ಗಳನ್ನು ಕತ್ತರಿಸಿ ಹೊಲಿದವು. ಇವನ್ನು ವ್ಯಾಪಾರಿಗಳು ಕಟ್ಟುಗಟ್ಟಲೆ ಕೊಳ್ಳುತ್ತಾರೆ. ಮಾರುವವರು ಎಷ್ಟೋ ಸಲ ಆಸ್ಪತ್ರೆಯ ಖರ್ಚಿಗೆ, ಸಾಲ ಕೊಟ್ಟು ಬಾಗಿಲಿಗೆ ಬಂದವನಿಗೆ ಅಮ್ಮನ ಉಡುಪನ್ನು ಕೊಡುವವರು. ಹೊಲಿಯುವವರಿಗೆ ಕೂಲಿ ಸಿಗುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ನೇಯ್ದವಳಿಗೆ ಏನೂ ಸಿಗುವುದಿಲ್ಲ, ಮುಂದಿನ ಬಟ್ಟೆಯನ್ನು ನೇಯಲು ಯಾರಿಗೂ ಕಾರಣ ಹುಟ್ಟುವುದಿಲ್ಲ. ರಾಜ್ಯೋತ್ಸವದಲ್ಲಿ ಮಾರುವುದಾದರೆ ಸಾನ್ ಹುವಾನ್‌ನಲ್ಲಿ ನೀವು ಕಂಡಂಥ, ಸದಸ್ಯೆಯರೇ ನಡೆಸುವ ನೇಯ್ಗೆ ಸಂಘದಿಂದ ಹೊಸ ಬಟ್ಟೆಯನ್ನೇ ಕೊಳ್ಳಿ. ಶಾಲು, ಮೇಜಿನ ಹಾಸು ಮುಂತಾಗಿ ಮಾರುಕಟ್ಟೆಗೆಂದೇ ಅವರು ನೇಯುವ ವಸ್ತುಗಳು ಇವೆ. ಊರಿನ ವಿಧಿಗಳಲ್ಲಿ ಮಾತ್ರ ತೊಡುವ ಚಿತ್ತಾರಗಳನ್ನು ಕೇಳಬೇಡಿ. ಬೆಲೆಯನ್ನು ಅವರೇ ಹೇಳಲಿ, ಅರ್ಧ ಹಣವನ್ನು ನೂಲಿಗೆಂದು ಮುಂಗಡ ಕೊಡಿ, ಉಳಿದದ್ದನ್ನು ಮಾಲು ಹೊರಡುವ ಮೊದಲೇ ಕೊಡಿ. ಮಾರಾಟವಾಗದೆ ಉಳಿದರೆ ಆ ನಷ್ಟ ನಿಮ್ಮದಾಗಬೇಕು. ಇದರಲ್ಲೂ ಅಪಾಯವಿದೆ: ಒಮ್ಮೆ ದೊಡ್ಡ ಆರ್ಡರ್ ಕೊಟ್ಟು ಮರುವರ್ಷ ಮಾಯವಾಗುವ ಗಿರಾಕಿಯಿಂದ ಸಂಘಗಳು ಸಾಲಕ್ಕೆ ಬಿದ್ದದ್ದನ್ನು ನಾನು ಬಾಗಲಕೋಟೆಯಲ್ಲೂ ಕಂಡಿದ್ದೇನೆ, ಅಲ್ಲೂ ಕಂಡಿದ್ದೇನೆ. ಚಿಕ್ಕ ಆರ್ಡರ್, ಮೂರು ವರ್ಷದ ಮಾತು, ಇದು ದೊಡ್ಡ ಆರ್ಡರ್‌ಗಿಂತ ಮೇಲು.

ಕಂಪ್ಯೂಟರ್ ಕೊಠಡಿಯನ್ನು ಕೈಬಿಡಿ ಎಂದೇ ನನ್ನ ಸಲಹೆ. ನಾನು ಪರಿಶೀಲಿಸಿದ ಇಂಥ ಕೊಠಡಿಗಳಲ್ಲಿ ಬೀಗ ಬಿದ್ದವೇ ಹೆಚ್ಚು. ವಿದ್ಯುತ್ ಬಿಲ್ಲು ಯಾರದು, ಕೆಟ್ಟ ಯಂತ್ರ ಸರಿಮಾಡುವವರು ಯಾರು ಎಂಬುದನ್ನು ಉದ್ಘಾಟನೆಯ ದಿನ ಯಾರೂ ಕೇಳಿರುವುದಿಲ್ಲ. ಶಾಲೆಯ ನಿಜವಾದ ತೊಡಕು ಬೇರೆ. ಮಾಯಾ ಭಾಷೆಗಳಿಗೆ 1987ರಲ್ಲಿ ಏಕರೂಪದ ವರ್ಣಮಾಲೆ ಅಧಿಕೃತವಾಯಿತು, 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಅಸ್ತಿತ್ವ ಬಂತು, 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾಯಿದೆಯೂ ಬಂತು. ಆದರೂ ಮಗುವಿನ ಭಾಷೆ ಬಾರದ ಶಿಕ್ಷಕರ ನೇಮಕ ನಿಂತಿಲ್ಲ, ಮೊದಲ ತರಗತಿಗಳಾಚೆ ಮಾಯಾ ಭಾಷೆಯ ಪುಸ್ತಕಗಳು ವಿರಳ. ಜೊತೆಗೆ, ತಾವು ಸ್ಪ್ಯಾನಿಷ್ ಬಾರದೆ ಪಟ್ಟ ಅವಮಾನವನ್ನು ಮಕ್ಕಳು ಪಡಬಾರದೆಂದು ತಾಯಂದಿರೇ ಮನೆಯಲ್ಲಿ ಸ್ಪ್ಯಾನಿಷ್ ಆಡಿಸುತ್ತಾರೆ. ಕನ್ನಡ ಶಾಲೆ ಬಿಡಿಸಿದ ತಂದೆತಾಯಿಯರ ಮಕ್ಕಳಾದ ನಾವು ಅವರಿಗೆ ಉಪದೇಶ ಹೇಳುವ ಸ್ಥಿತಿಯಲ್ಲಿಲ್ಲ. ಊರಿನ ಶಿಕ್ಷಕರು ತಾವೇ ಟ್ಸುತುಹಿಲ್ ಕಥೆಪುಸ್ತಕ ಬರೆದು ಅಚ್ಚು ಹಾಕಿಸಬೇಕೆಂದಿದ್ದರೆ, ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಬೇಕೆಂದಿದ್ದರೆ ಆ ಖರ್ಚು ಕೊಡಿ. ಸಮುದಾಯ ರೇಡಿಯೊ ಇನ್ನೊಂದು ದಾರಿ, ಆದರೆ ಅದಕ್ಕೆ ಕಾನೂನಿನ ಅಪಾಯವಿದೆ. ಪರವಾನಗಿ ಸಿಗದೆ ನಡೆಯುತ್ತಿದ್ದ ಮಾಯಾ ಕೇಂದ್ರಗಳ ಮೇಲೆ ಪೊಲೀಸರು ದಾಳಿ ಮಾಡಿ ಉಪಕರಣ ಒಯ್ದಿದ್ದರು. 2021ರಲ್ಲಿ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪಿತ್ತರೂ, ನೀವು ಟ್ರಾನ್ಸ್‌ಮಿಟರ್ ಕೊಡಿಸುವ ಮುನ್ನ ಆ ಕೇಂದ್ರದ ಪರವಾನಗಿಯ ಸ್ಥಿತಿಯನ್ನು ಅವರನ್ನೇ ಕೇಳಿ ತಿಳಿಯಬೇಕು.

ಸಾಂಸ್ಕೃತಿಕ ಪುನರುಜ್ಜೀವನವೆಂದರೆ ಪೂಜಾವಿಧಿಗಳ ಪುನರುಜ್ಜೀವನ ಎಂದು ಅನೇಕ ದಾನಿಗಳು ತಿಳಿಯುತ್ತಾರೆ. 260 ದಿನದ ಪಂಚಾಂಗವನ್ನು ಇಂದಿಗೂ ಎಣಿಸುವ ಅಹ್‌ಕಿಹ್ ಎಂಬ ಆಚಾರ್ಯರು ಹೈಲ್ಯಾಂಡ್ ಊರುಗಳಲ್ಲಿದ್ದಾರೆ, ಅವರ ಬಗ್ಗೆ ಕುತೂಹಲ ಸಹಜ. ಆದರೆ ಊರೊಳಗೆ ಕ್ಯಾಥೊಲಿಕರು, ಇವ್ಯಾಂಜೆಲಿಕಲ್ ಪಂಥದವರು, ಹಳೆಯ ಪದ್ಧತಿಯವರು ಒಂದೇ ಮನೆಯಲ್ಲೂ ಇರುತ್ತಾರೆ. 2020ರ ಜೂನ್‌ನಲ್ಲಿ ಪೆಟೆನ್‌ನ ಸಾನ್ ಲೂಯಿಸ್‌ನಲ್ಲಿ ದೊಮಿಂಗೊ ಚೋಕ್ ಎಂಬ ಕೆಕ್ಚಿ ಮೂಲಿಕೆ ವೈದ್ಯ, ಆಧ್ಯಾತ್ಮಿಕ ಮಾರ್ಗದರ್ಶಕರನ್ನು ಮಾಟಗಾರನೆಂದು ಆರೋಪಿಸಿ ಸುಟ್ಟು ಕೊಂದರು. ಹೊರಗಿನ ಹಣ ಇಂಥ ಕಡೆ ಒಂದು ಪಕ್ಷಕ್ಕೆ ಹೋದರೆ ಅದರ ಬಿಸಿ ನಿಮಗೆ ತಟ್ಟುವುದಿಲ್ಲ. ವಿಧಿಗಳಿಗೆ ಹಣ ಕೊಡಬೇಡಿ, ಕರೆಯದೆ ಹೋಗಬೇಡಿ, ಚಿತ್ರ ತೆಗೆಯಬೇಡಿ.

ಮಕ್ಕಳನ್ನು ಎರಡು ವಾರ ಕಳಿಸುವುದರಿಂದ ನಿಮ್ಮ ಮಕ್ಕಳಿಗೆ ಲಾಭವಿದೆ, ಊರಿನ ಮಕ್ಕಳಿಗೆ ಹೇಳಿಕೊಳ್ಳುವಂಥದ್ದಿಲ್ಲ. ಅತಿಥಿಗಳಾಗಿ ಹೋಗಲಿ, ತಂಗಿದ್ದಕ್ಕೆ ಊಟಕ್ಕೆ ಪೂರ್ತಿ ಬೆಲೆ ಕೊಡಲಿ. ಟೊಲೀಡೊದ ಹಳ್ಳಿಗಳಲ್ಲಿ 1990ರಲ್ಲಿ ಆರಂಭವಾದ ಅತಿಥಿಗೃಹ ವ್ಯವಸ್ಥೆಯಲ್ಲಿ ಬಂದವರಿಗೆ ಊಟ ಹಾಕುವ ಸರದಿ ಮನೆಯಿಂದ ಮನೆಗೆ ತಿರುಗುತ್ತದೆ, ಹೀಗಾಗಿ ರಸ್ತೆ ಬದಿಯ ಒಂದೇ ಮನೆ ದುಡ್ಡೆಲ್ಲ ಬಾಚಿಕೊಳ್ಳುವುದಿಲ್ಲ. ನೀವು ತಂಗುವ ಕಡೆ ಇಂಥ ಸರದಿಯಿದೆಯೇ ಎಂದು ವಿಚಾರಿಸಿ. ಅಟಿಟ್ಲಾನ್ ದಂಡೆಯ ಜಮೀನು ಹೊರಗಿನವರ ಕೈಗೆ ಹೋಗುತ್ತಿರುವುದನ್ನು ನೀವೇ ದೋಣಿಯಿಂದ ನೋಡಿರುತ್ತೀರಿ, ಹೋಟೆಲಿನ ಒಡೆಯರು ಯಾರೆಂದು ಕೇಳುವುದು ಅಸಭ್ಯವಲ್ಲ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಸಂಗತಿ. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿ ಓಕ್‌ಲ್ಯಾಂಡಿನ ಫ್ರೂಟ್‌ವೇಲ್‌ನಲ್ಲಿ ಇಳಿದರೆ ಮಾಮ್ ಎಂಬ ಮಾಯಾ ಭಾಷೆ ಕಿವಿಗೆ ಬೀಳುತ್ತದೆ. ವಾಯವ್ಯ ಗ್ವಾಟೆಮಾಲಾದ ಬೆಟ್ಟಗಳಿಂದ ಬಂದ ಸಾವಿರಾರು ಮಂದಿ ಅಲ್ಲಿದ್ದಾರೆ, ಅಲ್ಲಿನ ಲೇನಿ ಕಾಲೇಜಿನಲ್ಲಿ ಮಾಮ್ ತರಗತಿಗಳು ನಡೆದಿವೆ. ಅವರಲ್ಲಿ ಅನೇಕರಿಗೆ ಸ್ಪ್ಯಾನಿಷ್ ಸರಿಯಾಗಿ ಬಾರದು. ಆಸ್ಪತ್ರೆಯಲ್ಲೂ ವಲಸೆ ನ್ಯಾಯಾಲಯದಲ್ಲೂ ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸಿ ಕೈತೊಳೆದುಕೊಳ್ಳುತ್ತಾರೆ. 2023ರಲ್ಲಿ ವಲಸಿಗರು ಗ್ವಾಟೆಮಾಲಾಕ್ಕೆ ಕಳಿಸಿದ ಹಣ ಸುಮಾರು 1,980 ಕೋಟಿ ಡಾಲರ್. ಹಳ್ಳಿಗಳ ಮನೆ, ಶಾಲಾಶುಲ್ಕ, ಹಬ್ಬ, ಜಮೀನು ಇವನ್ನೆಲ್ಲ ನಡೆಸುತ್ತಿರುವ ದೊಡ್ಡ ದಾನಿಗಳು ಅವರೇ. ಆ ಸಮುದಾಯದ ದುಭಾಷಿಗಳ ತರಬೇತಿಗೆ ಸ್ವಲ್ಪ ಹಣವನ್ನೂ, ನಿಮ್ಮಲ್ಲಿನ ವಕೀಲರು, ವೈದ್ಯರು ಇದ್ದರೆ ಅವರ ಸಮಯವನ್ನೂ ಕೊಟ್ಟರೆ ವಿಮಾನ ಹತ್ತದೆಯೇ ದೊಡ್ಡ ಕೆಲಸವಾಗುತ್ತದೆ. ಊರಿನ ವಿಷಯದಲ್ಲಿ ನಿಮಗೆ ದಾರಿ ಹೇಳುವವರೂ ಅಲ್ಲೇ ಸಿಗಬಹುದು.

ಹಣ ಕಳಿಸುವ ಬಗೆಯ ಬಗ್ಗೆ ಎರಡು ಮಾತು. ನೀವೇ ಹೊಸ ಸಂಸ್ಥೆ ನೋಂದಾಯಿಸಬೇಡಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇರುವ, ಮಾಯಾ ಸಂಘಗಳಿಗೆ ನೇರ ಹಣ ತಲುಪಿಸುವ, ಆಡಳಿತ ಮಂಡಳಿಯಲ್ಲಿ ಮಾಯಾ ಸದಸ್ಯರಿರುವ ಸಂಸ್ಥೆಯ ಮೂಲಕ ಹೋಗಿ, ಅದು ಎಷ್ಟು ಶೇಕಡಾ ಹಿಡಿದುಕೊಳ್ಳುತ್ತದೆಂದು ಬರಹದಲ್ಲಿ ಕೇಳಿ. ಗ್ವಾಟೆಮಾಲಾದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು ಸರ್ಕಾರೇತರ ಸಂಸ್ಥೆಗಳನ್ನು ರದ್ದುಮಾಡುವ ವಿಶಾಲ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದ್ದರಿಂದ ಭೂಹಕ್ಕಿನ ಕೆಲಸ ಮಾಡುವ ಚಿಕ್ಕ ಸಂಘಕ್ಕೆ ವಿದೇಶಿ ಹಣ ಬಂದದ್ದನ್ನು ಫೇಸ್‌ಬುಕ್‌ನಲ್ಲಿ ಸಾರುವುದು ಅವರಿಗೆ ತೊಂದರೆಯಾದೀತು. ಫೋಟೊ ಹಾಕುವ ಮುನ್ನ ಕೇಳಿ.

ನಾನಾಗಿದ್ದರೆ 18,000ದಲ್ಲಿ 9,000 ಡಾಲರನ್ನು ಒಂದೇ ನೇಯ್ಗೆ ಸಂಘಕ್ಕೆ ಮೂರು ವರ್ಷಗಳಲ್ಲಿ, ಯಾವ ಖರ್ಚಿಗೆಂದು ಷರತ್ತು ಹಾಕದೆ, ವರ್ಷಕ್ಕೊಂದು ಸರಳ ಲೆಕ್ಕಪತ್ರ ಕೇಳಿ ಕೊಡುತ್ತಿದ್ದೆ. 4,000ವನ್ನು ಮುಂಗಡ ಆರ್ಡರ್‌ಗೆ, 3,000ವನ್ನು ಓಕ್‌ಲ್ಯಾಂಡಿನ ದುಭಾಷಿಗಳಿಗೆ, ಉಳಿದದ್ದನ್ನು ಪ್ರವಾಹವೋ ಭೂಕುಸಿತವೋ ಆದಾಗ ಬೇಕಾಗುವುದೆಂದು ಇಡುತ್ತಿದ್ದೆ. 2005ರ ಸ್ಟಾನ್ ಚಂಡಮಾರುತದಲ್ಲಿ ಅದೇ ಸರೋವರದ ದಂಡೆಯ ಪನಾಬಾಹ್ ಹಳ್ಳಿ ಕೆಸರಿನಡಿ ಹೂತುಹೋಗಿತ್ತು. ಈ ಹಂಚಿಕೆಯೂ ನನ್ನದೇ ಊಹೆ, ಸಂಘದವರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಮೊದಲ ಪತ್ರವನ್ನು ಸ್ಪ್ಯಾನಿಷ್ ಬಲ್ಲವರಿಂದ ಬರೆಸಿ, ಎಷ್ಟು ಹಣವಿದೆ ಎಂಬುದನ್ನೂ ಎಷ್ಟು ವರ್ಷ ಇರುತ್ತೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ, ಅವರ ಆದ್ಯತೆ ಏನೆಂದು ಕೇಳಿ. ಸರೋವರದ ಸುತ್ತ ಕಾಫಿ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಜೋರಾಗಿರುವುದರಿಂದ ಆ ತಿಂಗಳುಗಳಲ್ಲಿ ಸಭೆ ಸೇರಿಸಲು ಹೆಂಗಸರಿಗೆ ಬಿಡುವಿರುವುದಿಲ್ಲ. ನವೆಂಬರ್ ಒಂದಕ್ಕೆ ಮಾಲು ನಿಮ್ಮ ಕೈಯಲ್ಲಿರಬೇಕಾದರೆ ಏಪ್ರಿಲ್‌ನಲ್ಲಿ ಮಾತು ಮುಗಿಸಿ, ಮೇ ತಿಂಗಳ ಮಳೆ ಹಿಡಿಯುವ ಮುನ್ನ ಮುಂಗಡ ತಲುಪಿಸಿ.